ಸುಣ್ಣ ಹೊತ್ತ ದೋಣಿ

ಕಂಬಂನಲ್ಲಿ ಬೆಳಗಿನ ಬಂಡಿ ಹತ್ತಿದೆ. ಬಾಡಿಗೆಗೆ ಒಂದು ಪಡಿ ರಾಗಿ ಕೊಟ್ಟೆ. ಗೂಡಲೂರು ದಾಟಿದ ಮೇಲೆ ಎತ್ತುಗಳು ಸೋತವು. ಕುಮಳಿ ಘಟ್ಟವನ್ನು ನಡೆದೇ ಹತ್ತಿದೆ. ಮಡಿಲಲ್ಲಿ ಮುದ್ದೆ, ಹೆಗಲ ಮೇಲೆ ಹೊಸ ಹಗ್ಗ.

ಮಗ ರಂಗನನ್ನು ಕರೆತರಬೇಕಿತ್ತು. ಅವನು ನಮ್ಮ ಕುಲದ ದೇವರ ದನ ಕಾಯುವವನು. ಆ ಹಿಂಡಿನ ಪಟ್ಟದ ಗೂಳಿ ಹೋದ ಕಡೆಗೇ ದನವೂ ಹೋಗಬೇಕು, ಕಾಯುವವನೂ ಹೋಗಬೇಕು, ತಡೆಯುವಂತಿಲ್ಲ. ಈ ಸಲ ಗೂಳಿ ಮಲೆಯ ಒಂದು ದಿಬ್ಬ ಹತ್ತಿತ್ತು. ಮಧುರೆ ಕಡೆಗೆ ನೀರು ಕೊಡಲು ಹೊಳೆಗೆ ಕಟ್ಟೆ ಹಾಕಿದ್ದರಲ್ಲ, ಆ ನೀರು ಏರಿ ದಿಬ್ಬವನ್ನು ಸುತ್ತಿಕೊಂಡಿತೆಂದು ಸುದ್ದಿ ಬಂತು.

ದಡದಲ್ಲಿ ಇದ್ದದ್ದು ಒಂದೇ ಪುಟ್ಟ ದೋಣಿ. ಹಲಗೆ ಸಂದಿಯಲ್ಲೆಲ್ಲ ಬಿಳಿ ಗಾರೆ. ಮಳೆ ಜಿನುಗುತ್ತಿತ್ತು.

"ಏನಪ್ಪಾ, ಇದು ತೇಲ್ತದೋ ಮುಳುಗ್ತದೋ?"

"ನಿನ್ನಷ್ಟು ಮುದಿಯಾಗಿಲ್ಲ ಪಾಟಿ, ಕೂರು," ಎಂದ ಅಂಬಿಗ ಮಾಯಾಂಡಿ. ಅವರ ಮಾತಲ್ಲಿ ಪಾಟಿ ಅಂದರೆ ಅಜ್ಜಿ.

ಹುಟ್ಟು ಹಾಕುತ್ತಾ ದೋಣಿಯ ಕಥೆ ಹೇಳಿದ. ಕಟ್ಟೆಯ ಕೆಲಸಕ್ಕೆ ಸುಣ್ಣ ಸಾಗಿಸಲು ಮಾಡಿದ್ದಂತೆ. ಹೊಳೆ ಉಕ್ಕಿದಾಗ ಕೊಚ್ಚಿಹೋಗಿ ಬಿದಿರುಮೆಳೆಯಲ್ಲಿ ಸಿಕ್ಕಿತಂತೆ. ಆಮೇಲೆ ಚಳಿಜ್ವರದ ಕೂಲಿಗಳನ್ನು ಹೊತ್ತಿತು, ಅವರ ಹೆಣಗಳನ್ನೂ ಹೊತ್ತಿತು. ಈಗ ದೊರೆಗಳು ಆಳ ಅಳೆಯಲು ಬಂದರೆ ಇದರಲ್ಲೇ ದಿಂಬು ಹಾಕಿ ಕೂರುತ್ತಾರೆ. ನನ್ನ ಗಂಡನೂ ಆ ಕೂಲಿಯಲ್ಲೇ ಸತ್ತದ್ದು.

ದಿಬ್ಬ ಅಂಗಳದಷ್ಟಾಗಿತ್ತು. ಹಸುಗಳನ್ನು ದೋಣಿಯ ಹಿಂದೆ ಕಟ್ಟಿ ಈಜಿಸಿ ಮಾಯಾಂಡಿ ಹಿಂದಿನ ದಿನವೇ ದಾಟಿಸಿದ್ದ. ಉಳಿದದ್ದು ಗೂಳಿ ಮತ್ತು ರಂಗ.

"ಹಗ್ಗ ತಂದಿವ್ನಿ. ಕಟ್ಟೋ."

"ದೇವರ ಗೂಳಿ ಕೊರಳಿಗೆ ಹಗ್ಗವಾ? ಹುಟ್ಟಿದಾಗಿಂದ ಯಾರೂ ಹಾಕಿಲ್ಲ ಅವ್ವಾ."

"ಹಂಗಾದ್ರೆ ಬಿಟ್ಟು ಬಾ. ದೇವರದಾದ್ರೆ ಈಜ್ಲಿ."

"ಬಿಟ್ಟು ಬಂದೋನ ಕೈನೀರು ಊರಲ್ಲಿ ಯಾರು ಕುಡೀತಾರೆ?"

"ನಾ ಕುಡೀತೀನಿ ಕಣೋ."

"ನೀನೊಬ್ಬಳು," ಎಂದು ನಕ್ಕ. ಮುದ್ದೆ ಇಸಿದುಕೊಂಡು ಗೂಳಿಗೆ ಅರ್ಧ ಮುರಿದು ಕೊಟ್ಟ. ಆಮೇಲೆ ನಾನು ಕೂತಿದ್ದ ದೋಣಿಯನ್ನು ತಾನೇ ಕಾಲಿನಿಂದ ನೀರಿಗೆ ತಳ್ಳಿದ.

ರಾತ್ರಿ ಮಾಯಾಂಡಿಯ ಗುಡಿಸಲಲ್ಲಿದ್ದೆ. ಮಳೆ ಜೋರಾಯಿತು. ಬೆಳಗ್ಗೆ ದೋಣಿ ಹೋಗಿ ಖಾಲಿ ಬಂತು. ದಿಬ್ಬ ಎಲ್ಲಿತ್ತೆಂದು ಗೊತ್ತಾಗಲಿಲ್ಲವಂತೆ.

ಘಟ್ಟದ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದೆ. ಮಾಯಾಂಡಿ ದೋಣಿ ತೊಳೆದು ದಿಂಬು ಹಾಕುತ್ತಿದ್ದ. ದೊರೆಗಳು ಬರುವ ದಿನ. ಹಗ್ಗ ನನ್ನ ಹೆಗಲ ಮೇಲೇ ಇತ್ತು, ಗಂಟು ಕೂಡ ಬಿದ್ದಿರಲಿಲ್ಲ.