ಅಲ್ಲಾಡಿಸಬೇಡಿ ಎಂದಿದ್ದರು

ಹಾಸನದ ಹೊರಗೆ, ಚನ್ನರಾಯಪಟ್ಟಣದ ರಸ್ತೆಯಲ್ಲಿ, ಹಿಂದೆ ಆಲೂಗಡ್ಡೆ ದಾಸ್ತಾನು ಮಾಡುತ್ತಿದ್ದ ಗೋದಾಮೊಂದರಲ್ಲಿ ನಾನು ಆರು ವರ್ಷ ಮೇಲ್ವಿಚಾರಕನಾಗಿದ್ದೆ. ಆಲೂಗಡ್ಡೆಯ ಜಾಗಕ್ಕೆ ಕಾರುಗಳು ಬಂದಿದ್ದವು. ಮನೆ ಮುಂದೆ ಜಾಗವಿಲ್ಲದವರು, ಊರು ಬಿಟ್ಟು ಹೋಗುವವರು ತಿಂಗಳುಗಟ್ಟಲೆ ಕಾರು ಬಿಡುತ್ತಿದ್ದರು. ಕೀ ತೆಗೆದುಕೊಂಡು ರಸೀದಿ ಕೊಡುವುದು ನನ್ನ ಕೆಲಸ. ರಸೀದಿಯ ಕೆಳಗೆ ‘ವಾಹನಕ್ಕೆ ಮಾಲೀಕರೇ ಹೊಣೆ’ ಎಂದು ಅಚ್ಚಾಗಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ನಾನೂ ಓದಿ ಹೇಳುತ್ತಿರಲಿಲ್ಲ.

ಅರಕಲಗೂಡಿನ ಒಬ್ಬರು ತಾವು ಬಾಡಿಗೆಗೆ ಓಡಿಸುತ್ತಿದ್ದ ಸ್ವಂತ ಕಾರನ್ನು ತಂದು ಬಿಟ್ಟರು. ಹೊಳೆನರಸೀಪುರದಲ್ಲಿ ಬೈಕಿನಿಂದ ಬಿದ್ದು ಅವರ ತೊಡೆಯ ಮೂಳೆ ಮುರಿದಿತ್ತು. ಆರು ತಿಂಗಳು ಕಾರು ಓಡಿಸುವಂತಿರಲಿಲ್ಲ. ಆ ಕಾರಿನಿಂದಲೇ ಮನೆ ನಡೆಯಬೇಕಿತ್ತು. ಬೀದಿಯಲ್ಲಿ ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ. ನೆಂಟರೊಬ್ಬರು ಓಡಿಸಿಕೊಂಡು ಬಂದಿದ್ದರು. ಇವರು ಊರುಗೋಲು ಊರಿಕೊಂಡೇ ಇಳಿದು, ನೆಲದ ಇಳಿಜಾರು ನೋಡಿ, ಮುಂದಿನ ಚಕ್ರಗಳಿಗೆ ಎರಡು ಇಟ್ಟಿಗೆ ಅಡ್ಡ ಕೊಡಿಸಿದರು.

ನಾಲ್ಕು ತಿಂಗಳ ನಂತರ ಆಯುಧಪೂಜೆ ಬಂತು. ನಮ್ಮಲ್ಲಿ ಎಲ್ಲ ಕಾರುಗಳಿಗೂ ಪೂಜೆಯಾಗುತ್ತಿತ್ತು. ಮಾಲೀಕರಿಲ್ಲದ ಗಾಡಿಯೆಂದು ಹೂವಿಲ್ಲದೆ ಬಿಡುವುದು ನಮಗ್ಯಾರಿಗೂ ಸರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಹೂವಿನ ಬುಟ್ಟಿ ಹಿಡಿದು ನಿಂತಿದ್ದಾಗ ಅವರ ಫೋನ್ ಬಂತು.

“ಸಾ, ನಮ್ ಗಾಡಿಗೂ ಒಂದ್ ಊವ ಮಡಗ್ಬುಡಿ. ಅಲ್ಲಾಡಿಸ್ಬ್ಯಾಡಿ ಮಾತ್ರ. ಹ್ಯಾಂಡ್‌ಬ್ರೇಕ್ ನಿಲ್ಲಾಕಿಲ್ಲ, ಇಟ್ಟಿಗೆ ತಗೀಬ್ಯಾಡಿ.”

“ಆಯ್ತು, ಆಯ್ತು” ಎಂದೆ. ಫೋನ್ ಇಟ್ಟು ಕೆಲಸದವರ ಕಡೆ ತಿರುಗಿ ನಾನು ಹೇಳಿದ್ದು ಇಷ್ಟೇ: “ಅರಕಲಗೂಡಿನವರ ಗಾಡಿಗೂ ಪೂಜೆ ಮಾಡ್ರಪ್ಪ.”

ಪೂಜೆ ಎಂದರೆ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು. ಗಾಡಿ ಅವುಗಳ ಮೇಲೆ ಹರಿದು ಮುಂದಕ್ಕೆ ಹೋಗಬೇಕು. ಇವರ ಕಾರಿನ ಬ್ಯಾಟರಿ ಸತ್ತಿತ್ತು. ಹಾಗಾಗಿ ಇಟ್ಟಿಗೆ ಸರಿಸಿ, ಗೇರು ತೆಗೆದು ಮೂವರು ಹಿಂದಿನಿಂದ ತಳ್ಳಿದರು. ಒಬ್ಬ ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗ್ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ. ನಿಂಬೆಹಣ್ಣು ಒಡೆದ ಮೇಲೆ ಅವನು ಹ್ಯಾಂಡ್‌ಬ್ರೇಕ್ ಎಳೆದ. ಕಾರು ನಿಲ್ಲಲಿಲ್ಲ. ಗೋದಾಮಿನ ನೆಲ ಮುಗಿಯುವಲ್ಲಿ ಲಾರಿಗೆ ಮೂಟೆ ತುಂಬಲು ಕಟ್ಟಿದ್ದ ಮೂರಡಿ ಎತ್ತರದ ಕಟ್ಟೆಯ ಅಂಚಿನವರೆಗೂ ಉರುಳಿ, ಮೂತಿ ಕೆಳಗಾಗಿ ಬಿತ್ತು. ಬಾನೆಟ್ಟಿನ ಮೇಲಿದ್ದ ಸೇವಂತಿಗೆ ಹಾರ ಜಾರಿ ನೆಲಕ್ಕೆ ಬಿತ್ತು.

ಗೋದಾಮು ನಡೆಸುತ್ತಿದ್ದ ಕಂಪನಿ ರಸೀದಿಯ ಸಾಲು ತೋರಿಸಿ ಕೈಯೆತ್ತಿತು. ಕಾರಿನವರು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಕಂಪನಿಯ ವಕೀಲರು ನನ್ನನ್ನು ಕರೆಸಿ ರಸೀದಿ ನೋಡಿದರು.

“ಈ ಅಚ್ಚಿನ ಸಾಲು ನಂಬ್ಕೊಂಡು ಕೂರೋಕಾಗಲ್ಲ. ಕೀ ಇಸ್ಕೊಂಡ್ ಮೇಲೆ ನಮ್ಮ ಸ್ವಂತ ಗಾಡಿ ಥರ ನೋಡ್ಕೋಬೇಕು, ಕಾನೂನು ಅದು. ಆದ್ರೆ ಪೂಜೆ ಮಾಡಿ ಅಂತ ಅವರೇ ಕೇಳಿದ್ರು ಅಂತೀರಲ್ಲ, ಆಗ ಕಥೆ ಬೇರೆ. ಇನ್ನೇನಾದ್ರೂ ಹೇಳಿದ್ರಾ?”

ನನಗೆ ಎಲ್ಲವೂ ನೆನಪಿತ್ತು. ಹೇಳಿದರೆ ತಪ್ಪೆಲ್ಲ ನನ್ನೊಬ್ಬನ ಮೇಲೆ ಬರುತ್ತಿತ್ತು.

“ಅಷ್ಟೇ ಸರ್” ಎಂದೆ. ಅದೇ ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರವಾಯಿತು. ಸಹಿ ಹಾಕಿದೆ.

ಏಳು ತಿಂಗಳ ನಂತರ ಒಂದು ವಾಯಿದೆಯ ದಿನ ಅವರು ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ನನ್ನ ಪಕ್ಕವೇ ಕುಳಿತರು. ಊರುಗೋಲು ಹೋಗಿತ್ತು, ಕುಂಟು ಉಳಿದಿತ್ತು. ಕಾರು ಬಿದ್ದಲ್ಲೇ ತುಕ್ಕು ಹಿಡಿಯುತ್ತಿತ್ತು. ಅವರು ಬೇರೆಯವರ ವ್ಯಾನು ಓಡಿಸುತ್ತಿದ್ದರು.

“ಸಾ, ಬಯ್ಯಾಕಲ್ಲ, ಒಂದ್ ಮಾತ್ ಕೇಳ್ತೀನಿ. ಆವತ್ತು ಫೋನ್ನಾಗೆ ಇಟ್ಟಿಗೆ ತಗೀಬ್ಯಾಡಿ ಅಂದಿದ್ನಾ, ಇಲ್ವಾ?”

“ಅಂದಿದ್ರಿ” ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು.

ಅವರು ಬೆಂಚಿನ ಮೇಲೆ ನನ್ನ ಕಡೆ ತಿರುಗಿದರು. “ನಮ್ಮನೆವ್ಳು ನಂಬಾಕಿಲ್ಲ. ನೀನೇ ಪೂಜೆ ಮಾಡ್ಸಿ ಗಾಡಿ ಕಳ್ದೆ, ಇವಾಗ ಸುಳ್ಳೇಳ್ತೀಯ ಅಂತಾಳೆ. ಕೇಳೀ ಕೇಳೀ ನಂಗೂ ಅನ್ಮಾನ ಬಂದ್ಬುಟ್ಟಿತ್ತು ಕಣಿ ಸಾ.”

ಮರುವಾರ ಅವರ ವಕೀಲರ ಮೂಲಕವೇ ಎರಡನೇ ಪ್ರಮಾಣಪತ್ರ ಸಲ್ಲಿಸಿದೆ. ಮೊದಲನೆಯದರಲ್ಲಿ ನಾನು ಮುಚ್ಚಿಟ್ಟಿದ್ದನ್ನು ಅದರಲ್ಲಿ ಬರೆಸಿದೆ. ಕಂಪನಿ ನನ್ನನ್ನು ಕೆಲಸದಿಂದ ತೆಗೆಯಿತು; ಅದಕ್ಕೆ ನನಗೆ ಬೇಸರವಿಲ್ಲ. ಅಚ್ಚಿನ ಸಾಲು ಅಜಾಗರೂಕತೆಗೆ ರಕ್ಷಣೆಯಲ್ಲ, ಎಚ್ಚರಿಕೆ ಕೊಟ್ಟ ಮೇಲೂ ಕಾರು ಸರಿಸಿದ್ದಾರೆ, ನಷ್ಟ ಪೂರ್ತಿ ಕಂಪನಿಯದೇ ಎಂದು ತೀರ್ಪು ಬಂತು.

ತೀರ್ಪು ಬಂದ ಮೇಲೆ ಅವರು ಕೇಳಿಕೊಂಡಿದ್ದು ಒಂದೇ: “ಒಂದ್ಸಲ ಮನೆಗ್ ಬಂದು ಅವ್ಳಿಗೇಳಿ ಸಾ.” ಅರಕಲಗೂಡಿಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ನಿಂತು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಫೋನಿನಲ್ಲಿ ಕೇಳಿದ ಮಾತನ್ನು ಒಂದೂ ಬಿಡದೆ ಹೇಳಿದೆ.

“ಇದನ್ನ ಮೊದ್ಲೇ ಏಳಿದ್ರೆ ನಾನ್ಯಾಕೆ ಇವ್ರ್ನ ಅಂಗೆಲ್ಲ ಅಂತಿದ್ದೆ” ಎಂದರು ಆಕೆ. ಧ್ವನಿ ಏರಿರಲಿಲ್ಲ. “ಮಕ್ಕಳ ಮುಂದೆಲ್ಲ ಅಂದಿವ್ನಿ.”

“ಬುಡಮ್ಮಿ, ಮನೆಗ್ ಬಂದವ್ರೆ” ಎಂದರು ಅವರು, ಹೆಂಡತಿಯ ಮುಖ ನೋಡದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಲೋಟದಲ್ಲಿ ಆರಿಹೋಗಿದ್ದ ಕಾಫಿಯನ್ನು ನಾನು ಕುಡಿದು ಮುಗಿಸಿದೆ.