ಮಿಡ್‌ಫೀಲ್ಡರ್ ಮೈಲಾರಿ

ಮೈಲಾರಿ ಚೆಂಡನ್ನು ಒದೆಯುತ್ತಿರಲಿಲ್ಲ, ಕೊಡುತ್ತಿದ್ದ. ತುಂಬಿದ ತಂಬಿಗೆಯನ್ನು ತುಳುಕದ ಹಾಗೆ ಕೈಗಿಡುವಂತೆ, ಓಡುತ್ತಿರುವವನ ಕಾಲಿಗೇ ತಂದಿಡುತ್ತಿದ್ದ. ಕೊಟ್ಟೂರಿನ ಕಾಲೇಜು ಮೈದಾನದಲ್ಲಿ ಎಲ್ಲರೂ ಕ್ರಿಕೆಟ್ ಆಡುವಾಗ ನಾವು ಕೆಲವರು ಮೂಲೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ನಾನು ಗೋಲ್‌ಕೀಪರ್, ಅವನು ಮಿಡ್‌ಫೀಲ್ಡರ್.

ಉಜ್ಜಿನಿ ಕಡೆಯವನು, ಕುರಿ ಸಾಕುವ ಮನೆಯವನು. ಬೆಂಗಳೂರಿನ ಕ್ಲಬ್ಬೊಂದು ಅವನನ್ನು ಆರಿಸಿಕೊಂಡಾಗ ಅವರವ್ವ ನನ್ನನ್ನು ಕೇಳಿದಳು:

"ಎಷ್ಟು ಗೋಲ್ ಹೊಡೀತಾನಪ್ಪ ನಮ್ಮವ?"

"ಯವ್ವಾ, ನಾ ಹೊಡಿಯಂಗಿಲ್ಲ. ಹೊಡಿಯೋರಿಗೆ ಬಾಲ್ ಕೊಡ್ತೀನಿ" ಎಂದ ಮೈಲಾರಿ.

ಅವ್ವ ನನ್ನ ಮುಖ ನೋಡಿದಳು. "ಇಷ್ಟಕ್ಕ ಪಗಾರ ಕೊಡ್ತಾರಾ?"

ಕೆಲವು ವರ್ಷದ ಮೇಲೆ ಮಾಲ್ಡೀವ್ಸ್‌ನ ಕ್ಲಬ್ಬಿಗೆ ಹೋದ. ವಿಡಿಯೊ ಕಾಲ್ ಮಾಡಿ ಮೈದಾನ ತೋರಿಸುತ್ತಿದ್ದ; ಗೋಡೆಯಾಚೆಗೇ ಸಮುದ್ರ. "ಸುತ್ತ ನೀರೇ ಐತಿ ಲೇ, ಕುಡ್ಯಾಕ ಮಾತ್ರ ಬಾಟ್ಲಿ ತಗೋಬೇಕು" ಎಂದು ನಗುತ್ತಿದ್ದ. ಮೊದಲ ಸೀಸನ್ ಒಂದು ಮ್ಯಾಚೂ ತಪ್ಪಿಸದೆ ಆಡಿದ. ಅವನ ಬದುಕಿನ ಒಳ್ಳೆಯ ದಿನಗಳೆಂದರೆ ಅವೇ.

ಮರುವರ್ಷ ಬಲಮೊಣಕಾಲು ತಿರುಚಿತು. ಡಾಕ್ಟರು ಆಡಬೇಡ ಅಂದರು. ಆದರೆ ಕ್ಲಬ್ಬಿನ ಜೊತೆಗಿನ ಒಪ್ಪಂದ ಮುಗಿಯುತ್ತ ಬಂದಿತ್ತು. ಇವನು ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಹಾಕಿಸಿಕೊಂಡು ಆಡತೊಡಗಿದ.

"ಹುಚ್ಚ ಅದೀಯೇನಲೇ?" ಎಂದು ಫೋನಿನಲ್ಲೇ ಬೈದೆ.

"ಬೆಂಚ್ ಮ್ಯಾಲೆ ಕುಂತ್ರ ಮರತಬಿಡ್ತಾರಲೇ. ಇವರಿಗೆ ನನ್ನಂಥವರು ಭಾಳ ಮಂದಿ ಸಿಗ್ತಾರ."

ಒಂದು ಮ್ಯಾಚಿನಲ್ಲಿ ಯಾರೂ ತಾಕದೆಯೇ ಬಿದ್ದ. ಮೊಣಕಾಲೊಳಗಿನ ಲಿಗಮೆಂಟ್ ಹರಿದಿತ್ತು. ಕ್ಲಬ್ಬಿನವರು ಟಿಕೆಟ್ ಮಾಡಿಸಿ ಊರಿಗೆ ಕಳಿಸಿದರು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮೊದಲು ಗೋಡೆ ಹಿಡಿದು ನಡೆದ, ಆಮೇಲೆ ಕೂಡ್ಲಿಗಿ ರಸ್ತೆಯಲ್ಲಿ ಬೆಳಗಾದರೆ ಓಡತೊಡಗಿದ. ವಾಪಸ್ ಹೋಗುತ್ತೇನೆಂದು ಸಿಕ್ಕವರಿಗೆಲ್ಲ ಹೇಳಿದ. ಪರೀಕ್ಷೆಗೆಂಬಂತೆ ಹಡಗಲಿಯ ಟೂರ್ನಮೆಂಟಿನಲ್ಲಿ ನಮ್ಮ ಹಳೇ ತಂಡದ ಜೊತೆ ಇಳಿದ. ಮೈಕಿನವನು "ಫಾರಿನ್ ಪ್ಲೇಯರ್, ಫಾರಿನ್ ಪ್ಲೇಯರ್" ಎಂದು ಮತ್ತೆ ಮತ್ತೆ ಕೂಗಿದ. ಮೊದಲ ಚೆಂಡು ಬಂತು. ತಿರುಗಿದ. ಕಾಲು ಮಡಚಿಕೊಂಡಿತು.

ಗೋಲು ಬಿಟ್ಟು ಓಡಿದೆ. ಹುಲ್ಲಿಲ್ಲದ ಕೆಂಪು ನೆಲದ ಮೇಲೆ ಅಂಗಾತ ಬಿದ್ದಿದ್ದ. ಎತ್ತಲು ಕೈ ಹಾಕಿದರೆ ಬೇಡವೆಂದ. "ಎಬ್ಬಸಬ್ಯಾಡಲೇ. ಇನ್ನೊಂಚೂರು ಗ್ರೌಂಡ್‌ನ್ಯಾಗ ಇರ್ತೀನಿ."

ಗೆರೆಯಾಚೆ ಯಾರೋ ನಕ್ಕರು: "ಇವನೇ ಏನು ಫಾರಿನ್ನು?"

ಅವನಿಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡ.

ಆಮೇಲೆ ಬೂಟು ಮುಟ್ಟಲಿಲ್ಲ. ಯಾರದೋ ಮೂಲಕ ಗಲ್ಫಿಗೆ ಹೋದ, ಸೆಕ್ಯುರಿಟಿ ಕೆಲಸಕ್ಕೆ. ಅಲ್ಲಿಂದ ಒಂದೇ ಸಲ ಫೋನ್ ಮಾಡಿದ್ದು. ಈಗ ಆ ನಂಬರು ಹತ್ತುವುದಿಲ್ಲ. ಅವರವ್ವನಿಗೂ ಬೇರೆ ನಂಬರು ಗೊತ್ತಿಲ್ಲ. ಅವತ್ತು ಫೋನಿನಲ್ಲಿ, ದೊಡ್ಡ ಸ್ಟೇಡಿಯಮ್ಮಿನಲ್ಲಿ ಡ್ಯೂಟಿ ಅಂದಾಗ ನನಗೆ ಖುಷಿಯಾಗಿತ್ತು.

"ಹಂಗಾದ್ರ ದೊಡ್ಡ ದೊಡ್ಡ ಮ್ಯಾಚ್ ಪುಕ್ಕಟೆ ನೋಡ್ತೀಯಲ್ಲಲೇ!"

"ಇಲ್ಲ. ಗ್ರೌಂಡಿನ ಅಂಚಿಗೆ ನಿಂದ್ರಸ್ತಾರ, ಜನದ ಕಡಿ ಮುಖ ಮಾಡಿ. ಆಟ ಬೆನ್ನ ಹಿಂದ ನಡೀತಿರತೈತಿ."

"ಒಮ್ಮೆ ತಿರುಗಿ ನೋಡಿದ್ರ?"

"ನೋಡಾಕ ಬಿಡಂಗಿಲ್ಲ" ಎಂದ. "ಬಿಟ್ರೂ ನೋಡಂಗಿಲ್ಲಲೇ."