ಸೊಸೆಯನ್ನು ಬಡಿಯುವ ಬಾಯವ್ವ

ನಮ್ಮ ಓಣಿಯಲ್ಲಿ ಬಾಯವ್ವನ ಕೈಯ ಬಗ್ಗೆ ಎರಡು ಮಾತಿರಲಿಲ್ಲ. ಜೋಳದ ರೊಟ್ಟಿ ಬಡಿಯುವುದರಲ್ಲಿ ಬೈಲಹೊಂಗಲದ ಆ ಕಡೆಗೆಲ್ಲ ಅವಳದೇ ಮೇಲುಗೈ. ಖಾನಾವಳಿಯವರು ಮನೆಗೇ ಬಂದು ರೊಟ್ಟಿ ಒಯ್ಯುತ್ತಿದ್ದರು. ಹಿಟ್ಟು ಮಾತ್ರ ನನ್ನ ಗಿರಣಿಯದೇ ಆಗಬೇಕು. ಅದು ಚೂರು ತರಿಯಾದರೂ ಚೀಲ ತಂದು ನನ್ನ ಮುಂದೆ ಕುಕ್ಕಿ, "ವಿಜಯಾ, ಇದೇನು ಹಿಟ್ಟೋ ಉಸುಕೋ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಗಂಡ ಹೋದಮೇಲೆ ಒಬ್ಬಳೇ ಗಿರಣಿ ನಡೆಸಿದವಳು ನಾನು, ನನಗೂ ಬಾಯಿ ಇದೆ. ಜಗಳ ಆಡಿ ಆಡಿಯೇ ನಾವಿಬ್ಬರೂ ಗೆಳತಿಯರಾದೆವು. ಅಂಥ ಬಾಯವ್ವ ಸೊಸೆಯನ್ನು ಬಡಿಯುತ್ತಾಳೆ ಎಂಬ ಸುದ್ದಿ ಒಮ್ಮೆ ಸವದತ್ತಿಯ ಕಡೆಗೆಲ್ಲ ಹಬ್ಬಿತು. ಸುದ್ದಿ ಸುಳ್ಳೇನಲ್ಲ. ಬಡಿಯುತ್ತಿದ್ದದ್ದು ನಿಜ.

ಸೊಸೆಯ ಹೆಸರು ಅನ್ನಪೂರ್ಣಾ, ಸವದತ್ತಿ ಕಡೆಯ ಸಿರಸಂಗಿಯ ಮುದಕಪ್ಪನ ಮಗಳು. ಎರಡು ಸಾವಿರದ ಎರಡರಲ್ಲಿ ಮದುವೆಯಾಗಿ ಬಂದಾಗ ಅವಳನ್ನು ನೋಡಿ, ಈ ಹೆಸರು ಇಟ್ಟವರು ಚೇಷ್ಟೆಗೆ ಇಟ್ಟರೇನೋ ಅನ್ನಿಸಿತ್ತು ನನಗೆ. ಅಷ್ಟು ಸಪೂರ. ಉಣ್ಣುವುದೇನೂ ಕಡಿಮೆಯಿರಲಿಲ್ಲ, ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೆಮ್ಮಂತೂ ಅವಳಿಗಿಂತ ಮೊದಲೇ ಓಣಿಯ ತಿರುವಿನಲ್ಲಿ ಕೇಳಿಸುತ್ತಿತ್ತು. ಬಿಸಿಲಲ್ಲಿ ನಡೆದು ಬಂದರೆ ಹಣೆಯ ಮೇಲೆ ಬೆವರು ಒಣಗಿ ಉಪ್ಪಿನ ಪುಡಿ ಕೂತಿರುತ್ತಿತ್ತು. "ಸಣ್ಣಾಕಿ ಇದ್ದಾಗ ನನಗ ಮುತ್ತ ಕೊಟ್ಟೋರೆಲ್ಲ ತುಟಿ ಒರಸ್ಕೊಂಡು, ಈ ಹುಡುಗಿ ಉಪ್ಪುಪ್ಪ ಐತಿ ಅಂತಿದ್ರಂತ ಅಕ್ಕಾ" ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ಟಿ.ಬಿ. ಎಂದು ತಿಳಿದು ಔಷಧಿಯನ್ನೂ ಕೊಟ್ಟಿದ್ದರಂತೆ. ಕೆಮ್ಮು ಅದಕ್ಕೆಲ್ಲ ಜಗ್ಗಲಿಲ್ಲ.

ಗಂಡ ಶಿವಲಿಂಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವುದು ಅವನ ಕೆಲಸ. ಮಾತು ಕಡಿಮೆ, ಆದರೆ ಹಟ ಹಿಡಿದರೆ ಬಿಡುವವನಲ್ಲ. ಮದುವೆಯಾದ ಮರುವರ್ಷ ಅವಳಿಗೆ ಜೋರು ಜ್ವರ ಬಂದಾಗ ಬೆಳಗಾವಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ಉಪ್ಪಿನ ಮುತ್ತಿನ ಕತೆ ಕೇಳಿದ್ದೇ ತಡ, ಬೆವರಿನ ಪರೀಕ್ಷೆ ಮಾಡಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂದು ಗೊತ್ತಾಯಿತು. ಹುಟ್ಟಿನಿಂದಲೇ ಬಂದದ್ದು, ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ಎದೆಯಲ್ಲಿ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಹೊಟ್ಟೆಗೆ ಜಿಡ್ಡು ಅರಗಿಸುವ ರಸ ಸಾಲುವುದಿಲ್ಲ. ಪೂರ್ತಿ ಹೋಗುವ ರೋಗವಲ್ಲ, ಆದರೆ ಅನ್ನಪೂರ್ಣಾಳದು ಅಷ್ಟು ಉಗ್ರದ್ದಲ್ಲವಾದ್ದರಿಂದ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದರು. ಬಾಯವ್ವನ ಬಾಯಲ್ಲಿ ಆ ಹೆಸರು 'ಸಿಸ್ಟರ್ ಪೈಪು' ಆಯಿತು. "ಎದ್ಯಾಗಿನ ಪೈಪು ಕಟಗೊಂಡಾವಂತ. ಹೆಸರಿನಾಗ ಐತೆಲ್ಲ!" ಎಂದು ನನಗೇ ಪಾಠ ಹೇಳಿದಳು.

ಓಣಿಯವರಿಗೆ ಬೇರೆಯದೇ ಚಿಂತೆ. ಕಂಡ ಕಂಡವರು ಅನ್ನಪೂರ್ಣಾಳ ಹೊಟ್ಟೆ ನೋಡಿ, "ಏನರ ವಿಶೇಷ ಐತೇನವಾ?" ಎಂದು ಕೇಳುವುದು. ಕೇಳದೆ ಇದ್ದವಳು ಬಾಯವ್ವ ಒಬ್ಬಳೇ. ಕೊನೆಗೆ ಅನ್ನಪೂರ್ಣಾಳೇ ಮಾತು ತೆಗೆದಳು, ನನ್ನ ಗಿರಣಿಯ ಕಟ್ಟೆಯ ಮೇಲೆ, ನನ್ನೆದುರಿಗೇ.

"ಬ್ಯಾಡ" ಅಂದಳು ಬಾಯವ್ವ. "ರಾಮದುರ್ಗಕ್ಕ ಕೊಟ್ಟಿದ್ದ ನನ್ನ ತಂಗಿ ಹಡಿಯಾಕ ಹೋಗಿ ಸತ್ತಳು. ಅಕಿ ಕಲ್ಲಿನಂಗ ಗಟ್ಟಿ ಇದ್ಲು. ನೀ ನೋಡಿದ್ರ ಹಿಂಗ. ನನಗ ಮೊಮ್ಮಗ ಬ್ಯಾಡ. ನೀ ಇರು, ಸಾಕು."

"ನಿಮಗ ಮೊಮ್ಮಗ ಬ್ಯಾಡ್ರಿ ಅತ್ತಿ, ಖರೇ. ನನಗ ಕೂಸ ಬೇಕಲ್ಲ" ಅಂದಳು ಅನ್ನಪೂರ್ಣಾ.

ಬಾಯವ್ವನಿಗೆ ಎದುರು ಮಾತಾಡಿ ಗೆದ್ದವರನ್ನು ನಾನು ಅವತ್ತೇ ಮೊದಲು ನೋಡಿದ್ದು.

ದಸರೆ ಮುಗಿಸಿಕೊಂಡು ಮೂವರೂ ಬೆಳಗಾವಿಗೆ ಹೋದರು. ಡಾಕ್ಟರಮ್ಮ ಆಗಲಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮೊದಲು ಶಿವಲಿಂಗನ ರಕ್ತ ತೆಗೆದು ದೂರದ ಊರಿಗೆ ಕಳಿಸಿದರು. ಅವನೊಳಗೂ ಆ ದೋಷ ಅಡಗಿದ್ದರೆ ಕೂಸಿಗೂ ರೋಗ ಬರಬಹುದಂತೆ. "ನನ್ನ ಮಗನ ರಕ್ತದಾಗ ಏನಿರತೈತಿ, ಬರೇ ಕಬ್ಬಿನ ಹಾಲು" ಎಂದು ಬಾಯವ್ವ ಬಾಯಿ ಮಾಡಿದಳು. ಆದರೆ ಫಲಿತಾಂಶ ಬರುವವರೆಗೆ ಅವಳ ರೊಟ್ಟಿಗಳು ಸೀದು ಹೋಗುತ್ತಿದ್ದವು. ದೋಷ ಸಿಗಲಿಲ್ಲ. ಕೂಸಿಗೆ ರೋಗ ಬರುವ ಸಂಭವ ಬಹಳ ಕಡಿಮೆ ಎಂದರು.

ಆಮೇಲೆ ಬಂದವು ಕರಾರುಗಳು. ಮೈಯಲ್ಲಿ ತೂಕ ಏರಬೇಕು, ಸಕ್ಕರೆ ಕಾಯಿಲೆ ಇಲ್ಲ ಎಂದು ಖಾತ್ರಿಯಾಗಬೇಕು, ಬಸಿರಿಗೆ ಆಗದ ಮಾತ್ರೆಗಳನ್ನು ಬದಲಾಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎದೆ ಹಗುರವಾಗಬೇಕು. ದಿನಾ ಎರಡು ಹೊತ್ತು ಬೆನ್ನು ತಟ್ಟಿ ಕಫ ಸಡಿಲಿಸಬೇಕು. "ಯುಗಾದಿ ಆದಮೇಲೆ ಬನ್ನಿ. ಯಂತ್ರಕ್ಕೆ ಊದಿಸಿ ನೋಡ್ತೀನಿ, ಆಮೇಲೆ ಹೇಳ್ತೀನಿ. ಅಲ್ಲೀತನಕ ಬಸಿರಾಗೋದು ಬೇಡ" ಎಂದರು ಡಾಕ್ಟರಮ್ಮ.

"ಅಷ್ಟರಾಗ ಮರೀತಾಳ ಬಿಡು" ಎಂದು ಬಾಯವ್ವ ನನ್ನ ಕಿವಿಯಲ್ಲಿ ಹೇಳಿದಳು. ಹುಡುಗಿ ಮರೆಯುವ ಪೈಕಿ ಅಲ್ಲ ಎಂದು ನನಗೆ ಗೊತ್ತಿತ್ತು.

ಕಬ್ಬಿನ ಸುಗ್ಗಿ ಶುರುವಾಗಿ ಶಿವಲಿಂಗ ಮನೆಗೆ ಬರುವುದೇ ಅಪರೂಪವಾಯಿತು. ಬೆನ್ನು ತಟ್ಟುವ ಕೆಲಸ ಬಾಯವ್ವನ ಪಾಲಿಗೆ ಬಂತು. ಅವಳದು ರೊಟ್ಟಿ ಬಡಿದ ಕೈ. ಮೊದಲ ದಿನ ಅಂಗೈ ಚಪ್ಪಟೆ ಮಾಡಿ ಬಾರಿಸಿದಳು, ಸೊಸೆಯ ಬೆನ್ನ ಮೇಲೆ ಐದು ಬೆರಳೂ ಮೂಡಿದವು.

"ಅತ್ತೀ, ನಾ ರೊಟ್ಟಿ ಅಲ್ರಿ!"

"ಹಂಗಾರ ಆ ಡಾಕ್ಟರ್ ಬಾಯಿ ಹೆಂಗ ಹೇಳಿದ್ಲು?"

"ತೀರ್ಥ ತಗೋವಾಗ ಕೈ ಗುಳಿ ಮಾಡ್ತೀವಲ್ರಿ, ಹಂಗ."

ತೀರ್ಥದ ಕೈ ಎಂದ ಮೇಲೆ ಬಾಯವ್ವನಿಗೆ ತಕ್ಷಣ ತಿಳಿಯಿತು. ಮರುದಿನದಿಂದ ಡಬ್ ಡಬ್ ಎಂದು ಎಂಥ ಒಳ್ಳೆಯ ಸಪ್ಪಳ! ಆದರೆ ಬಾಯಿ ಅದೇ ಹಳೆಯ ಬಾಯಿ. ತಟ್ಟುವುದು ಎಂಬ ಮಾತು ಅದಕ್ಕೆ ಒಗ್ಗಲಿಲ್ಲ. "ಬಾರ ಇಲ್ಲೆ, ಬಡೀಬೇಕು ನಿನ್ನ" ಎಂದೇ ಕರೆಯುತ್ತಿದ್ದಳು.

ಇನ್ನು ಉಣ್ಣುವುದು. ಪ್ರತಿ ಊಟಕ್ಕೂ ಜಿಡ್ಡು ಅರಗಿಸುವ ಗುಳಿಗೆ ನುಂಗಿ, ಶೇಂಗಾ ಹೋಳಿಗೆ, ಬೆಣ್ಣೆ, ಎಣಗಾಯಿ, ಕೆನೆಮೊಸರು ಎಲ್ಲವನ್ನೂ ಹುಡುಗಿ ಛಲಕ್ಕೆ ಬಿದ್ದು ಉಂಡಳು. ತೂಕ ನೋಡುವುದು ನನ್ನ ಗಿರಣಿಯ ಕಾಟಾದ ಮೇಲೆ. ಹಿಟ್ಟಿನ ಧೂಳು ಅವಳಿಗೆ ಆಗದು. ಹಾಗಾಗಿ ಕರೆಂಟು ಹೋಗಿ ಗಿರಣಿ ನಿಂತು ಧೂಳೆಲ್ಲ ಕೂತ ಮೇಲೆ ನಾನು ಕಾಟಾವನ್ನು ಹೊರಗಿನ ಕಟ್ಟೆಗೆ ಎಳೆದು ಕೂಗುತ್ತಿದ್ದೆ. ಆ ವರ್ಷಗಳಲ್ಲಿ ಕರೆಂಟು ಹೋಗುವುದಕ್ಕೇನು ಬರವಿರಲಿಲ್ಲ. ಓಣಿಯವರೆಲ್ಲ ಕರೆಂಟಿನವರನ್ನು ಬೈಯುತ್ತಿದ್ದರೆ ಅನ್ನಪೂರ್ಣಾ ಒಬ್ಬಳು ಕುಣಿದುಕೊಂಡು ಬರುತ್ತಿದ್ದಳು. ಕಾಟಾ ಏರಿ ಉಸಿರು ಬಿಗಿಹಿಡಿದು ನಿಲ್ಲುವಳು. "ಉಸರು ತೂಕಕ್ಕ ಬರೂದಿಲ್ಲವಾ, ಬಿಡು" ಎಂದು ನಾನು ಗದರಿಸಬೇಕಾಗುತ್ತಿತ್ತು.

ಸಂಕ್ರಾಂತಿಯ ಚಳಿಗೆ ಎಡವಟ್ಟಾಯಿತು. ಎದೆ ಕಟ್ಟಿ, ಜ್ವರ ಬಂದು, ಬೆಳಗಾವಿಯ ದವಾಖಾನೆಯಲ್ಲಿ ಮಲಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದಳು. ಕಷ್ಟಪಟ್ಟು ಏರಿಸಿದ ತೂಕವೆಲ್ಲ ಇಳಿದುಹೋಗಿತ್ತು. ಕಾಟಾದಿಂದ ಇಳಿದವಳೇ ನನ್ನ ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಈಗ ಬಾಯವ್ವ 'ಬಿಡು, ಇದು ನಿನಗ ಆಗೂದಲ್ಲ' ಎನ್ನುತ್ತಾಳೆ, ಅವಳಿಗೆ ಬೇಕಾದದ್ದೂ ಅದೇ ಅಲ್ಲವೇ ಎಂದುಕೊಂಡೆ. ಬಾಯವ್ವ ಸೊಸೆಯ ತೋಳು ಹಿಡಿದಳು.

"ಏಳು" ಅಂದಳು. "ಅತ್ರ ತೂಕ ಇನ್ನಷ್ಟ ಇಳೀತೈತಿ. ಮನೀಗೆ ನಡಿ, ಬಿಸಿ ರೊಟ್ಟಿ ಬೆಣ್ಣಿ ತಿನ್ನು. ಯುಗಾದಿ ಇನ್ನೂ ದೂರ ಐತಿ."

ಅದಾದ ಮೇಲೆ ಒಂದು ಸಲ ತೂಕ ನೋಡುವಾಗ ಕಾಟಾ ಇದ್ದಕ್ಕಿದ್ದಂತೆ ಬಹಳ ಏರಿತು. ಅನ್ನಪೂರ್ಣಾಳ ಮುಖ ಅರಳಿತು. ನಾನು ಬಗ್ಗಿ ನೋಡಿದರೆ ಬಾಯವ್ವನ ಕಾಲಿನ ಹೆಬ್ಬೆರಳು ಕಾಟಾದ ಅಂಚಿನ ಮೇಲಿತ್ತು. "ಬಾಯವ್ವಾ, ಕಾಲ ತಗಿ" ಅಂದೆ. "ಏ, ಗೊತ್ತ ಆಗಲಿಲ್ಲ ಬಿಡ" ಎಂದು ಸೆರಗು ಸರಿಮಾಡಿಕೊಂಡಳು. ಮುದುಕಿ ಯಾವ ಪಕ್ಷ ಸೇರಿದ್ದಾಳೆಂದು ನನಗೆ ಅವತ್ತು ತಿಳಿಯಿತು.

ಎದುರು ಮನೆಯ ಶಟ್ಟೆವ್ವನಿಗೆ ಇದಾವುದೂ ಗೊತ್ತಿಲ್ಲ. ಅವಳಿಗೆ ಕೇಳಿಸುತ್ತಿದ್ದದ್ದು ಮುಚ್ಚಿದ ಬಾಗಿಲ ಒಳಗಿನ ಡಬ್ ಡಬ್, ಆಮೇಲೆ ಕೆಮ್ಮು, "ಇನ್ನೂ ಬಡೀಲೇನು?" ಎಂಬ ಬಾಯವ್ವನ ಗಂಟಲು. ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬರುವ ಸೊಸೆ. ಕೆಮ್ಮಿ ಕೆಮ್ಮಿ ಬಂದ ನೀರು ಅದು. ಶಟ್ಟೆವ್ವನ ತವರು ಸಿರಸಂಗಿಯ ಮಗ್ಗುಲಿಗೇ. ಹಬ್ಬಕ್ಕೆ ಹೋದವಳು ಕನಿಕರದಿಂದಲೇ ಹೇಳಿಬಂದಳು: "ಮುದಕಪ್ಪನ ಮಗಳ್ನ ಅತ್ತಿ ದಿನಾ ಎರಡ ಹೊತ್ತ ಬಡೀತಾಳ."

ಯುಗಾದಿಯ ಹಿಂದಿನ ವಾರ, ಕರೆಂಟು ಹೋದ ಒಂದು ಮಧ್ಯಾಹ್ನ, ಅನ್ನಪೂರ್ಣಾ ನನ್ನ ಕಾಟಾದ ಮೇಲೆ ನಿಂತಿದ್ದಾಗಲೇ ಅವಳ ಅಪ್ಪ ಮುದಕಪ್ಪ, ಕಾಕಾ ಲಗಮಣ್ಣ ಇಬ್ಬರೂ ಬಸ್ಸಿಳಿದು ಓಣಿಗೆ ನುಗ್ಗಿದರು. ಮುದಕಪ್ಪ ನೀರು ಕೂಡ ಕೇಳಲಿಲ್ಲ.

"ಬೀಗತಿ, ನನ್ನ ಮಗಳ್ನ ಬಡೀತೀರಂತ. ಖರೇ ಏನ್ರಿ?"

ಬಾಯವ್ವ ಸೊಂಟದ ಮೇಲೆ ಕೈ ಇಟ್ಟಳು. "ಖರೇ. ಮುಂಜಾನೆ ಬಡೀತೇನಿ, ಸಂಜಿಕೂ ಬಡೀತೇನಿ. ನಿಮ್ಮ ಅಳಿಯ ಮನ್ಯಾಗಿದ್ರ ಅವನೂ ಬಡೀತಾನ."

"ಕೇಳಿದ್ಯೇನಣ್ಣಾ? ಹೆಂಗ ರಾಜಾರೋಷ ಹೇಳತಾಳ!" ಲಗಮಣ್ಣ ಧೋತರ ಮೇಲೆ ಕಟ್ಟಿದ.

"ಯಾಕ ಹೇಳಬಾರದು? ನೀವ ಇಷ್ಟ ವರ್ಷ ಮನ್ಯಾಗ ಇಟಗೊಂಡಿದ್ರೆಲ್ಲ, ಒಂದ ದಿನಾರ ಬಡದೀರೇನು? ಬಡದಿದ್ರ ಇಷ್ಟ ಕಫಾ ಕಟ್ಟತಿತ್ತೇನು?"

"ಕಫಾ?" ಅಂದ ಲಗಮಣ್ಣ. ಕಾಟಾದ ಮೇಲಿದ್ದ ಅನ್ನಪೂರ್ಣಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಅವಳಿಗೆ ಕೆಮ್ಮು ಬರುತ್ತದೆ. ಕೆಮ್ಮು ಏರಿ ಮುಖ ಕೆಂಪಾಯಿತು. ಬಾಯವ್ವ ಬೀಗರನ್ನು ಪಕ್ಕಕ್ಕೆ ತಳ್ಳಿ, ಕಟ್ಟೆಯ ಮೇಲೆ ಕೂತು, ಸೊಸೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೈ ಗುಳಿ ಮಾಡಿ ಶುರುಮಾಡಿದಳು. ಡಬ್ ಡಬ್ ಡಬ್. ಎಡಕ್ಕೆ, ಬಲಕ್ಕೆ, ಕೆಳಗೆ. ಓಣಿಯೆಲ್ಲ ನಿಂತು ನೋಡಿತು, ಶಟ್ಟೆವ್ವನೂ ಬಾಗಿಲಲ್ಲಿ ನಿಂತಿದ್ದಳು. ಕಫ ಬಿದ್ದು, ಉಸಿರು ನೇರವಾಗಿ, ಅನ್ನಪೂರ್ಣಾ ತಲೆ ಎತ್ತದೆಯೇ, "ಇನ್ನೊಂದೀಟ ಬಡೀರಿ ಅತ್ತಿ, ಹಗರ ಆಗಾಕತ್ತೈತಿ" ಅಂದಳು.

ಮುದಕಪ್ಪ ಬಂದು ಮಗಳ ಪಕ್ಕದಲ್ಲಿ ಕೂತ. "ಇಷ್ಟ ಸಲೀಸ ಐತಿ ಅಂತ ನಮಗ ಯಾರೂ ಹೇಳಲಿಲ್ಲವಾ" ಎಂದು ಮಗಳ ಕಾಲು ಮುಟ್ಟಿಕೊಂಡು ಅತ್ತ. "ಕೆಮ್ಮಿದಾಗೆಲ್ಲ ಕೌದಿ ಹೊಚ್ಚಿ ಮಲಗಿಸ್ತಿದ್ದಿವಿ."

"ಯಾರಿಗೆ ಗೊತ್ತಿತ್ರಿ ಬೀಗರ? ಏಳ್ರಿ, ಚಾ ಕುಡೀರಿ" ಎಂದು ಬಾಯವ್ವನ ದನಿಯೂ ಮೆತ್ತಗಾಯಿತು. ಚಹಾ ಆದಮೇಲೆ ಅವರಿಬ್ಬರಿಗೂ ನನ್ನ ಹಿಟ್ಟಿನ ಚೀಲದ ಮೇಲೆ ತೀರ್ಥದ ಕೈ ಕಲಿಸಿದಳು. ಲಗಮಣ್ಣನ ಮೀಸೆ ಬೆಳ್ಳಗಾಯಿತು. ಅನ್ನಪೂರ್ಣಾ ಮಾತ್ರ ದೂರ ನಿಂತು ನಕ್ಕಳು.

ಯುಗಾದಿ ಮುಗಿದು ಬೆಳಗಾವಿಗೆ ಹೋದಾಗ ತೂಕ ಸರಿಯಿತ್ತು, ಸಕ್ಕರೆ ಇರಲಿಲ್ಲ, ಯಂತ್ರಕ್ಕೆ ಊದಿದ್ದು ಹಿಂದಿನದಕ್ಕಿಂತ ಚೆನ್ನಾಗಿತ್ತು. "ಇನ್ನು ಅಡ್ಡಿಯಿಲ್ಲ, ಆದರೆ ತಿಂಗಳಿಗೊಮ್ಮೆ ಬರಬೇಕು" ಎಂದರಂತೆ ಡಾಕ್ಟರಮ್ಮ. ನಿಮ್ಮ ಅಭಿಪ್ರಾಯ ಏನಮ್ಮ ಎಂದು ಬಾಯವ್ವನನ್ನೂ ಕೇಳಿದರಂತೆ. "ಅಕಿ ಬೇಕಂತಾಳ. ಬಡಿಯಾಕ ನಾ ಅದೇನಿ" ಅಂದಳಂತೆ ಇವಳು.

ದಸರೆಯ ಹೊತ್ತಿಗೆ ಒಂದು ದಿನ ನನ್ನ ಹಿಟ್ಟು ನಿಜವಾಗಿಯೂ ತರಿಯಾಗಿತ್ತು. ಬಾಯವ್ವ ಮುಟ್ಟಿ ನೋಡಿ, ಒಂದು ಮಾತೂ ಆಡದೆ ಚೀಲ ಎತ್ತಿಕೊಂಡು ಹೊರಟಳು. "ಏನಾತ ನಿನಗ?" ಎಂದು ಓಡಿಹೋಗಿ ಭುಜ ಹಿಡಿದರೆ ಕಣ್ಣ ತುಂಬ ನೀರು, ಮುಖದ ತುಂಬ ನಗು. ಅವಳು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಕುಬಸ ಮಾಡಿ, ಚೊಚ್ಚಲ ಬಾಣಂತನ ತವರಿನದೇ ಎಂದು ಮುದಕಪ್ಪ ಟೆಂಪೋ ತಂದ. ಹೆರಿಗೆ ಬೆಳಗಾವಿಯಲ್ಲೇ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಅಲ್ಲಿಯವರೆಗೆ ಮತ್ತು ಆಮೇಲೆ ಸಿರಸಂಗಿಯಲ್ಲಿ.

"ಕರಕೊಂಡ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಬಡಿಯೋರ ಯಾರಲ್ಲೆ?" ಎಂದಳು ಬಾಯವ್ವ.

"ನಾ ಕಲತೇನಲ್ರಿ ಬೀಗತಿ."

"ಹಿಟ್ಟಿನ ಚೀಲದ ಮ್ಯಾಲ ಕಲತದ್ದೇನ ಹೇಳತೀರಿ!" ಎಂದವಳೇ ಒಳಗೆ ಹೋಗಿ ತನ್ನ ಸೀರೆಗಳ ಗಂಟು, ರೊಟ್ಟಿಯ ಹಂಚು ತಂದು ಟೆಂಪೋದಲ್ಲಿಟ್ಟು, ತಾನೂ ಏರಿ ಕೂತುಬಿಟ್ಟಳು. ಸೊಸೆಯ ತವರಿಗೆ ಬಾಣಂತನಕ್ಕೆಂದು ಅತ್ತೆ ಹೋಗಿ ಇರುವುದು ನಮ್ಮ ಕಡೆ ಯಾರೂ ಕಂಡು ಕೇಳಿದ್ದಲ್ಲ. ಟೆಂಪೋ ತಿರುವು ದಾಟುವವರೆಗೂ ಶಟ್ಟೆವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. "ನೋಡ ವಿಜಯಕ್ಕಾ, ತವರಿಗೆ ಹೋದ್ರೂ ಸೊಸೀನ್ನ ಬಿಡವಲ್ಲಳು. ಬಡಿಯಾಕ ಬೆನ್ನ ಹತ್ತಿ ಹೊಂಟಳು!" ಎಂದು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೆಣ್ಣುಕೂಸನ್ನು ಎತ್ತಿಕೊಂಡು ವಾಪಸು ಬಂದರು. ಬೆಳಗಾವಿಯಲ್ಲಿ ಕೂಸಿನ ಪರೀಕ್ಷೆಗಳೆಲ್ಲ ಆಗಿದ್ದವು. ಆದರೆ ಬಾಯವ್ವನಿಗೆ ತನ್ನ ಪರೀಕ್ಷೆಯೇ ಮುಖ್ಯ. ಗಿರಣಿಯ ಕಟ್ಟೆಯ ಮೇಲೆ ಕೂಸನ್ನು ನನ್ನ ಕೈಗಿಟ್ಟು, "ಮುತ್ತ ಕೊಟ್ಟ ನೋಡ ವಿಜಯಾ. ಸಪ್ಪಗ ಅದಾಳ, ಬರೇ ಸಪ್ಪಗ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅನ್ನಪೂರ್ಣಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೂಸಿನ ಹಣೆಗೆ ಮುತ್ತಿಟ್ಟು, ತುಟಿ ಸವರಿ ನೋಡಿಕೊಂಡೆ. ಉಪ್ಪಿರಲಿಲ್ಲ.